ಹುಲ್ಲಿನಡಿಯ ತೋಟಗಳು: ಡರ್ಬಿಶೈರ್‌ನ ಹಳೆಯ ಉದ್ಯಾನಗಳನ್ನು ಓದುವ ಬಗೆ

2018ರ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ವಾರಗಟ್ಟಲೆ ಮಳೆ ಬೀಳಲಿಲ್ಲ. ಡರ್ಬಿಶೈರ್ ಕೌಂಟಿಯ ಚಾಟ್ಸ್‌ವರ್ತ್ ಬಂಗಲೆಯ ದಕ್ಷಿಣಕ್ಕೆ ಇರುವ ವಿಶಾಲವಾದ ಹುಲ್ಲುಹಾಸು ಒಣಗಿ ಕಂದುಬಣ್ಣಕ್ಕೆ ತಿರುಗಿತು. ಒಣಗುತ್ತ ಹೋದಂತೆ ಅದರ ಮೇಲೆ ಸುರುಳಿಗಳು, ವೃತ್ತಗಳು, ನೇರ ದಾರಿಗಳು ಒಂದೊಂದಾಗಿ ಮೂಡಿದವು. 1699ರಲ್ಲಿ ಅಲ್ಲಿದ್ದ ಹೂಪಾತಿಗಳ ನಕ್ಷೆ ಅದು. ನೆಲದ ಮೇಲೆ ಬಿಡಿಸಿದ ದೊಡ್ಡ ರಂಗೋಲಿಯಂತಿದ್ದ ಆ ತೋಟವನ್ನು 1730ರ ದಶಕದಲ್ಲಿ ತೆಗೆದು ಹುಲ್ಲು ಬಿತ್ತಿದ್ದರು. ಆದರೆ ಹಳೆಯ ದಾರಿಗಳಿಗೆ ಹಾಕಿದ್ದ ಜಲ್ಲಿಯನ್ನು ಯಾರೂ ಅಗೆದು ತೆಗೆದಿರಲಿಲ್ಲ. ಜಲ್ಲಿ ಇರುವ ಕಡೆ ಮಣ್ಣಿನ ಪದರ ತೆಳು, ಹುಲ್ಲಿನ ಬೇರು ಆಳಕ್ಕೆ ಇಳಿಯುವುದಿಲ್ಲ, ತೇವ ಬೇಗ ಆರುತ್ತದೆ. ಹಾಗಾಗಿ ಹಳೆಯ ದಾರಿಗಳ ಮೇಲಿನ ಹುಲ್ಲು ಮೊದಲು ಸುಟ್ಟಿತು, ಪಾತಿಗಳಿದ್ದ ಕಡೆಯದು ಸ್ವಲ್ಪ ಹೆಚ್ಚು ದಿನ ಹಸಿರಾಗಿ ಉಳಿಯಿತು. ಮಳೆ ಬಂದ ಮೇಲೆ ಎಲ್ಲವೂ ಮತ್ತೆ ಒಂದೇ ಹಸಿರು.

ಇಂಗ್ಲೆಂಡಿನ ಐತಿಹಾಸಿಕ ಉದ್ಯಾನಗಳ ಸಮಸ್ಯೆಯೆಲ್ಲ ಆ ಗೆರೆಗಳಲ್ಲಿದೆ. ಈಗ ಅಲ್ಲಿ ಕಾಪಾಡಬೇಕಾದದ್ದು ಯಾವುದು? 1699ರ ಹೂಪಾತಿಯೋ, ಅದನ್ನು ಮುಚ್ಚಿದ ಹುಲ್ಲುಹಾಸೋ? ಹುಲ್ಲುಹಾಸಿಗೂ ಈಗ ಮುನ್ನೂರು ವರ್ಷ ಸಮೀಪಿಸುತ್ತಿದೆ. ಅದೂ ಇತಿಹಾಸವೇ.

ಹಳೆಯ ಕಟ್ಟಡವನ್ನು ಕಾಪಾಡುವುದು ಕಷ್ಟವಾದರೂ ಅರ್ಥವಾಗುವ ಕೆಲಸ. ಗೋಡೆ ಬೀಳದಂತೆ, ಚಾವಣಿ ಸೋರದಂತೆ ನೋಡಿಕೊಂಡರೆ ಅದು ನಿಂತಲ್ಲೇ ನಿಂತಿರುತ್ತದೆ. ತೋಟ ಹಾಗಲ್ಲ. ಮರ ಬೆಳೆಯುತ್ತದೆ, ಮುದಿಯಾಗುತ್ತದೆ, ಬೀಳುತ್ತದೆ. ಕೊಳದಲ್ಲಿ ಹೂಳು ತುಂಬುತ್ತದೆ. ಕತ್ತರಿಸಿ ಆಕಾರ ಕೊಟ್ಟ ಬೇಲಿಯನ್ನು ಕೆಲವು ವರ್ಷ ಬಿಟ್ಟರೆ ಅದು ಕಾಡುಮರಗಳ ಸಾಲು. ಮಾಲಿಗಳ ಒಂದು ತಲೆಮಾರು ಕೈಬಿಟ್ಟರೆ ಆ ತೋಟ ನಕ್ಷೆಯಲ್ಲಿ ಮಾತ್ರ ಉಳಿದೀತು. ಇಂಥ ಬದಲಾಗುವ ವಸ್ತುವನ್ನು ಕಾನೂನಿನ ಪಟ್ಟಿಯಲ್ಲಿ ಹಿಡಿದಿಡಲು ಇಂಗ್ಲೆಂಡ್ ಹೊರಟದ್ದು ತೀರ ತಡವಾಗಿ. ಕಟ್ಟಡಗಳ ಪಟ್ಟಿ ಎರಡನೆಯ ಮಹಾಯುದ್ಧದ ಹೊತ್ತಿಗೇ ಶುರುವಾಗಿತ್ತು. ಉದ್ಯಾನಗಳಿಗೆ ಪಟ್ಟಿ ಬಂದದ್ದು 1983ರ ರಾಷ್ಟ್ರೀಯ ಪರಂಪರೆ ಕಾಯ್ದೆಯ ನಂತರ. ಈಗ ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸಂಸ್ಥೆ ಅದನ್ನು ನಿರ್ವಹಿಸುತ್ತದೆ. ಸುಮಾರು 1,700 ಸ್ಥಳಗಳು ಅದರಲ್ಲಿವೆ.

ಪಟ್ಟಿಯಲ್ಲಿ ಮೂರು ದರ್ಜೆ. ಅತಿ ಮಹತ್ವದ್ದು ಒಂದನೇ ದರ್ಜೆ, ನಂತರ ನಕ್ಷತ್ರದ ಗುರುತಿರುವ ಎರಡನೇ ದರ್ಜೆ, ಆಮೇಲೆ ಬರಿಯ ಎರಡನೇ ದರ್ಜೆ. ಡರ್ಬಿಶೈರ್‌ನ ಚಾಟ್ಸ್‌ವರ್ತ್, ಹ್ಯಾಡನ್ ಹಾಲ್, ಹಾರ್ಡ್‌ವಿಕ್ ಹಾಲ್, ಕೆಡಲ್‌ಸ್ಟನ್, ಮೆಲ್ಬರ್ನ್ ಹಾಲ್ ಒಂದನೆಯದರಲ್ಲಿವೆ. ಎಲ್ವಾಸ್ಟನ್ ಕ್ಯಾಸಲ್ ಮತ್ತು ಡರ್ಬಿ ಊರಿನ ಅರ್ಬೊರೇಟಮ್ ಎಂಬ ಮರಗಳ ತೋಟ ನಕ್ಷತ್ರದ ದರ್ಜೆಯಲ್ಲಿವೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕರ ಕೈ ಕಟ್ಟಿಹಾಕಿದಂತಲ್ಲ. ಕಟ್ಟಡಗಳ ಪಟ್ಟಿಯಲ್ಲಿರುವ ಮನೆಯ ಕಿಟಕಿ ಬದಲಿಸಲೂ ಅನುಮತಿ ಬೇಕು. ಹಳೆಯ ಹೂಪಾತಿಯನ್ನು ಅಗೆದು ಹಾಕಲು ಈ ಪಟ್ಟಿಯ ಕಾರಣಕ್ಕೆ ಪ್ರತ್ಯೇಕ ಅನುಮತಿ ಬೇಕಿಲ್ಲ. ಯಾರಾದರೂ ಅಲ್ಲಿ ಮನೆಯನ್ನೋ ರಸ್ತೆಯನ್ನೋ ಕಟ್ಟಲು ಅರ್ಜಿ ಹಾಕಿದಾಗ ಸ್ಥಳೀಯ ಯೋಜನಾ ಪ್ರಾಧಿಕಾರ ಈ ಉದ್ಯಾನದ ಮಹತ್ವವನ್ನು ತೂಗಿನೋಡಲೇಬೇಕು, ಅಷ್ಟೆ. ಮೇಲಿನ ಎರಡು ದರ್ಜೆಗಳಾದರೆ ಹಿಸ್ಟಾರಿಕ್ ಇಂಗ್ಲೆಂಡನ್ನು ಕೇಳಬೇಕು. ಯಾವ ದರ್ಜೆಯಾದರೂ ಗಾರ್ಡನ್ಸ್ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆಯ ಅಭಿಪ್ರಾಯ ಪಡೆಯಬೇಕು. ಕಾಗದದ ಮೇಲೆ ಇದು ದುರ್ಬಲ ರಕ್ಷಣೆ. ಆದರೂ ಅರ್ಜಿಗಳನ್ನು ಓದಿ, ಸ್ಥಳಕ್ಕೆ ಹೋಗಿ, ಹಳೆಯ ನಕ್ಷೆ ಹುಡುಕಿ ಉತ್ತರ ಬರೆಯುವ ಕೌಂಟಿ ಮಟ್ಟದ ಸ್ವಯಂಸೇವಕರಿಂದಾಗಿ ಅದಕ್ಕೆ ಬಲ ಬಂದಿದೆ.

ನಾನು ಡರ್ಬಿಶೈರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇಂಗ್ಲಿಷ್ ಉದ್ಯಾನದ ನಾಲ್ಕು ನೂರು ವರ್ಷಗಳ ಕಥೆ ಈ ಒಂದೇ ಕೌಂಟಿಯಲ್ಲಿ ಅಧ್ಯಾಯ ತಪ್ಪದೆ ಸಿಗುತ್ತದೆ. ಜೊತೆಗೆ ಯಾವುದು ಯಾಕೆ ಉಳಿಯಿತು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಮಾಲೀಕರ ಬಳಿ ಹಣವಿದ್ದು, ಅವರು ಅಲ್ಲೇ ವಾಸವಿದ್ದ ಕಡೆಗಳಲ್ಲಿ ತೋಟವನ್ನು ಮತ್ತೆ ಮತ್ತೆ ಅಳಿಸಿ ಬರೆದರು. ಮಾಲೀಕರು ಬೇರೆಡೆ ಹೋಗಿ ನೆಲೆಸಿದ ಕಡೆ, ಹಣ ಸಾಲದ ಕಡೆ, ಹಳೆಯದು ಹಾಗೇ ಉಳಿಯಿತು.

ಹ್ಯಾಡನ್ ಹಾಲ್ ಇದಕ್ಕೆ ಮೊದಲ ಸಾಕ್ಷಿ. ವೈ ಎಂಬ ಪುಟ್ಟ ನದಿಯ ಮೇಲೆ, ಕಡಿದಾದ ಇಳಿಜಾರಿನಲ್ಲಿ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ ತೋಟ. ಮನೆತನದವರು 18ನೇ ಶತಮಾನದ ಆರಂಭದಲ್ಲಿ ಲೆಸ್ಟರ್‌ಶೈರ್‌ನ ಬೀವರ್ ಕ್ಯಾಸಲ್‌ಗೆ ಹೊರಟುಹೋದರು, ಸುಮಾರು ಇನ್ನೂರು ವರ್ಷ ಹ್ಯಾಡನ್‌ನಲ್ಲಿ ಸಂಸಾರ ನಡೆಯಲಿಲ್ಲ. ಆ ಅವಧಿಯಲ್ಲಿ ದೇಶದ ಅರ್ಧಕ್ಕರ್ಧ ಹಳೆಯ ತೋಟಗಳು ಹೊಸ ಶೈಲಿಗೆ ಬಲಿಯಾದವು. ಹ್ಯಾಡನ್‌ನ ಮಟ್ಟುಗೋಡೆಗಳು ಬದುಕಿಕೊಂಡವು. ಹಾರ್ಡ್‌ವಿಕ್ ಹಾಲ್‌ನಲ್ಲೂ 1590ರ ದಶಕದಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಗಟ್ಟಿಗಿತ್ತಿ ಕಟ್ಟಿಸಿದ ಗೋಡೆಯೊಳಗಿನ ಅಂಗಳಗಳು ಉಳಿದಿವೆ. ಆಕೆಯ ವಂಶಸ್ಥರು ಚಾಟ್ಸ್‌ವರ್ತ್ ಅನ್ನೇ ಮುಖ್ಯ ಮನೆ ಮಾಡಿಕೊಂಡದ್ದರಿಂದ ಹಾರ್ಡ್‌ವಿಕ್ ಎರಡನೆಯದಾಯಿತು, ಬಚಾವಾಯಿತು.

ಮುಂದಿನ ಪದರಕ್ಕೆ ಮೆಲ್ಬರ್ನ್ ಹಾಲ್‌ಗೆ ಹೋಗಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕೆ ಹೆಸರು ಕೊಟ್ಟ ಪ್ರಧಾನಿ ಲಾರ್ಡ್ ಮೆಲ್ಬರ್ನ್‌ನ ಮನೆ ಇದು. ಆದರೆ ತೋಟ ಮಾಡಿಸಿದ್ದು ಅವನಿಗಿಂತ ನೂರು ವರ್ಷ ಹಿಂದೆ ರಾಣಿ ಆನ್‌ಳ ಆಸ್ಥಾನದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಥಾಮಸ್ ಕೋಕ್. ಆ ಕಾಲದ ಹೆಸರಾಂತ ತೋಟಗಾರ ಜೋಡಿ ಜಾರ್ಜ್ ಲಂಡನ್ ಮತ್ತು ಹೆನ್ರಿ ವೈಸ್ ಯೋಜನೆ ಹಾಕಿಕೊಟ್ಟರು. ಫ್ರಾನ್ಸಿನ ಅರಮನೆ ತೋಟಗಳ ಮಾದರಿ: ಮನೆಯಿಂದ ನೇರವಾಗಿ ಹೊರಟ ದೃಷ್ಟಿರೇಖೆ, ಅದರ ಎರಡೂ ಬದಿಗೆ ಅಳತೆಯಿಟ್ಟು ಕತ್ತರಿಸಿದ ಯೂ ಎಂಬ ನಿತ್ಯಹಸಿರು ಮರದ ಬೇಲಿಗಳು, ನಡುವೆ ಕೊಳ, ಸೀಸದಲ್ಲಿ ಎರಕ ಹೊಯ್ದ ಪ್ರತಿಮೆಗಳು.

ದೃಷ್ಟಿರೇಖೆಯ ತುದಿಯಲ್ಲಿ, ಕೊಳದ ಆಚೆ ದಡದಲ್ಲಿ 'ಬರ್ಡ್‌ಕೇಜ್' ಇದೆ. ಡರ್ಬಿಯ ಕಮ್ಮಾರ ರಾಬರ್ಟ್ ಬೇಕ್‌ವೆಲ್ 18ನೇ ಶತಮಾನದ ಮೊದಲ ದಶಕದಲ್ಲಿ ಮಾಡಿದ ಕಬ್ಬಿಣದ ಮಂಟಪ. ಹತ್ತಿರ ಹೋದಾಗ ಮಾತ್ರ ಅದರ ಕೆಲಸ ಗೊತ್ತಾಗುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಡಿದು ತೆಳ್ಳಗೆ ಮಾಡಿದ ತಗಡನ್ನು ಎಲೆಯ ಆಕಾರಕ್ಕೆ ಬಗ್ಗಿಸಿದ್ದಾನೆ, ಎಲೆಗಳ ನರಗಳನ್ನೂ ಎಬ್ಬಿಸಿದ್ದಾನೆ. ಸರಳುಗಳು ಮೇಲೆ ಬಾಗಿ ಗುಮ್ಮಟವಾಗುತ್ತವೆ. ದೂರದಿಂದ ಅದು ಗಾಳಿಯಲ್ಲಿ ಬರೆದ ಚಿತ್ರ, ಒಳಗೆ ನಿಂತರೆ ನಾಲ್ಕೂ ಕಡೆ ತೋಟ ಕಾಣುವ ಕಿಟಕಿ. ಬೇಕ್‌ವೆಲ್‌ಗೆ ಮೊದಲ ಹೆಸರು ತಂದುಕೊಟ್ಟ ಕೆಲಸಗಳಲ್ಲಿ ಇದೊಂದು. ಕೋಕ್ ನಂತರ ಬಂದವರು ಹೆಚ್ಚಾಗಿ ಲಂಡನ್ ಕಡೆಗೇ ಇದ್ದರು, ಮೆಲ್ಬರ್ನ್‌ಗೆ ಹಣ ಸುರಿದು ಹೊಸ ಮಾದರಿ ಮಾಡಿಸುವ ಉತ್ಸಾಹ ತೋರಲಿಲ್ಲ. ಹಾಗಾಗಿ ಆ ಶೈಲಿಯ ತೋಟ ಇಂಗ್ಲೆಂಡಿನಲ್ಲಿ ಇಷ್ಟು ಇಡಿಯಾಗಿ ಕಾಣಸಿಗುವುದು ಬಹಳ ಕಡಿಮೆ ಕಡೆ.

ಚಾಟ್ಸ್‌ವರ್ತ್‌ನಲ್ಲೂ ಅದೇ ಲಂಡನ್ ಮತ್ತು ವೈಸ್ ಕೆಲಸ ಮಾಡಿದ್ದರು. ಅಲ್ಲಿ ಉಳಿದದ್ದು ತುಣುಕುಗಳು. ಅವುಗಳಲ್ಲಿ ದೊಡ್ಡದು ಕ್ಯಾಸ್ಕೇಡ್, ಗ್ರಿಯೆ ಎಂಬ ಫ್ರೆಂಚ್ ಜಲತಂತ್ರಜ್ಞ 1696ರಲ್ಲಿ ಮೊದಲು ಕಟ್ಟಿದ್ದು. ಗುಡ್ಡದಿಂದ ಮನೆಯ ಕಡೆಗೆ 24 ಅಗಲವಾದ ಮೆಟ್ಟಿಲುಗಳ ಗುಂಪಿನ ಮೇಲೆ ನೀರು ಹಾಯ್ದು ಬರುವ ವ್ಯವಸ್ಥೆ. ಒಂದು ಗುಂಪಿನ ಹಾಗೆ ಇನ್ನೊಂದಿಲ್ಲ: ಅಗಲ, ಎತ್ತರ, ಅಂಚಿನ ಒರಟು ಬೇರೆ ಬೇರೆ. ಅದಕ್ಕೇ ನೀರಿನ ಸದ್ದೂ ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೇರೆ. ನೆಲದೊಳಗೆ ನೀರು ಸೋರಿ ಈಚಿನ ವರ್ಷಗಳಲ್ಲಿ ಅದಕ್ಕೆ ದೊಡ್ಡ ದುರಸ್ತಿ ಬೇಕಾಗಿದೆ. ಮುನ್ನೂರು ವರ್ಷದ ಕಲ್ಲನ್ನು ಎತ್ತಿ, ಕೆಳಗಿನ ಅಡಿಪಾಯ ಸರಿಮಾಡಿ, ಸದ್ದು ಬದಲಾಗದ ಹಾಗೆ ಮತ್ತೆ ಅದೇ ಜಾಗದಲ್ಲಿ ಕೂರಿಸುವುದೆಂದರೆ ಸಣ್ಣ ಮಾತಲ್ಲ.

ಉಳಿದದ್ದರಲ್ಲಿ ಬಹುಪಾಲನ್ನು ಅಳಿಸಿದ್ದು 18ನೇ ಶತಮಾನದ ಮಧ್ಯದ ರುಚಿ. ಅದರ ನಾಯಕ ಲ್ಯಾನ್ಸ್‌ಲಾಟ್ ಬ್ರೌನ್. 'ನಿಮ್ಮ ಜಾಗಕ್ಕೆ ಸಾಧ್ಯತೆ ಇದೆ' ಎಂದು ಗಿರಾಕಿಗಳಿಗೆ ಹೇಳುವ ರೂಢಿಯಿಂದ 'ಕೇಪಬಿಲಿಟಿ' ಬ್ರೌನ್ ಎಂದೇ ಹೆಸರಾದವನು. ದೇಶದ ಉದ್ದಗಲಕ್ಕೆ 170ಕ್ಕೂ ಹೆಚ್ಚು ಎಸ್ಟೇಟುಗಳಲ್ಲಿ ಅವನ ಕೈ ಆಡಿದೆ. ಅವನ ವಿಧಾನ ಹೇಳಲು ಸುಲಭ. ನೇರ ಗೆರೆಗಳನ್ನೆಲ್ಲ ಕಿತ್ತುಹಾಕು. ಹುಲ್ಲನ್ನು ಮನೆಯ ಗೋಡೆಯವರೆಗೆ ತಂದು ನಿಲ್ಲಿಸು. ತೊರೆಗೆ ಅಡ್ಡಗಟ್ಟೆ ಹಾಕಿ ಹೊಳೆಯಂತೆ ಅಗಲಿಸು. ಏರುಗಳ ಮೇಲೆ ಮರಗಳ ಗುಂಪು ನೆಡು, ಎಸ್ಟೇಟಿನ ಅಂಚಿಗೆ ಉದ್ದಕ್ಕೂ ಮರಗಳ ಪಟ್ಟಿ ನೆಟ್ಟು ಹೊರಗಿನ ಲೋಕವನ್ನು ಮರೆಮಾಡು. ಆಗ ಮನೆಯ ಕಿಟಕಿಯಿಂದ ನೋಡಿದವನಿಗೆ ಭೂಮಿಯೆಲ್ಲ ತನ್ನದೇ, ಕೊನೆಯೇ ಇಲ್ಲ ಎನಿಸುತ್ತದೆ.

ಇದಕ್ಕೆ ಒಂದು ಚಿಕ್ಕ ಉಪಾಯ ಬಹಳ ನೆರವಾಯಿತು, ಅದನ್ನು 'ಹಾ-ಹಾ' ಎನ್ನುತ್ತಾರೆ. ಪಾರ್ಕೆಂದರೆ ಇಲ್ಲಿ ಜಿಂಕೆ, ಕುರಿ, ದನ ಮೇಯುವ ವಿಸ್ತಾರವಾದ ಹುಲ್ಲುಗಾವಲು. ಅವು ಮನೆಯ ಹತ್ತಿರದ ತೋಟಕ್ಕೆ ನುಗ್ಗಬಾರದು, ಆದರೆ ನಡುವೆ ಬೇಲಿಯೂ ಕಾಣಬಾರದು. ಅದಕ್ಕೆ ಒಂದು ಕಂದಕ ತೋಡುತ್ತಾರೆ. ಮನೆಯ ಕಡೆಯ ಬದಿಗೆ ನೆಟ್ಟಗೆ ಕಲ್ಲಿನ ಗೋಡೆ, ಅದರ ತಲೆ ನೆಲದ ಮಟ್ಟಕ್ಕೇ ಮುಗಿಯುತ್ತದೆ. ಆಚೆ ಬದಿ ನಿಧಾನವಾದ ಇಳಿಜಾರು. ದನ ಇಳಿದು ಬರುತ್ತದೆ, ಗೋಡೆ ಎದುರಾಗಿ ನಿಲ್ಲುತ್ತದೆ. ಕಿಟಕಿಯಿಂದ ನೋಡುವವರಿಗೆ ಒಂದೇ ಹಸಿರು.

ಆ ಹಸಿರಿಗೆ ತೆತ್ತ ಬೆಲೆ ಊರುಗಳದ್ದೂ ಹೌದು. ಚಾಟ್ಸ್‌ವರ್ತ್ ಮನೆಯಿಂದ ಕಾಣುತ್ತಿದ್ದ ಎಡೆನ್ಸರ್ ಹಳ್ಳಿಯ ಕೆಲವು ಮನೆಗಳನ್ನು ಬ್ರೌನ್‌ನ ಕಾಲದಲ್ಲೇ ತೆಗೆದರು. ಉಳಿದದ್ದನ್ನು 1838ರಿಂದ ಮುಂದೆ ಕೆಡವಿ ಕಣಿವೆಯ ಆಚೆ ಮಗ್ಗುಲಿಗೆ ಹೊಸದಾಗಿ ಕಟ್ಟಿದರು. ಕೆಡಲ್‌ಸ್ಟನ್‌ನಲ್ಲಿ 1758ರಲ್ಲಿ ಆಸ್ತಿಗೆ ಬಂದ ನಥಾನಿಯಲ್ ಕರ್ಜನ್ ಹಳ್ಳಿಯನ್ನೂ ಹೆದ್ದಾರಿಯನ್ನೂ ಕಣ್ಣಿಗೆ ಬೀಳದ ದೂರಕ್ಕೆ ಸರಿಸಿದ; ಹಳೆಯ ಚರ್ಚ್ ಒಂದು ಮಾತ್ರ ಬಂಗಲೆಯ ಮಗ್ಗುಲಲ್ಲಿ ಒಂಟಿಯಾಗಿ ಉಳಿದಿದೆ. ಸುಂದರವಾದ ಪಾರ್ಕಿನ ನಡುವೆ ಊರಿಲ್ಲದ ಚರ್ಚ್ ಕಂಡರೆ ಸುತ್ತಲಿನ ಹುಲ್ಲನ್ನು ಸಂಜೆ ಬಿಸಿಲಿನಲ್ಲಿ ನೋಡಿ. ಓರೆ ಬೆಳಕಿಗೆ ಮನೆಗಳ ತಳಪಾಯ, ಹಳೆಯ ಬೀದಿ, ಉಳುಮೆಯ ಏರಿಳಿತ ನೆರಳಾಗಿ ಎದ್ದು ಕಾಣುವುದುಂಟು. ಉದ್ಯಾನದ ಚರಿತ್ರೆ ಬರೆಯುವವರು ಡ್ಯೂಕುಗಳ ಹೆಸರು ಬರೆದಷ್ಟೇ ನಿಷ್ಠೆಯಿಂದ ಈ ಎಬ್ಬಿಸಿದ ಊರುಗಳನ್ನೂ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಡಲ್‌ಸ್ಟನ್‌ಗೆ ನಮ್ಮ ನಾಡಿನ ಕಡೆಯಿಂದಲೂ ಒಂದು ಎಳೆ ಇದೆ. ರೋಮ್‌ನಿಂದ ಆಗಷ್ಟೇ ಮರಳಿದ್ದ ವಾಸ್ತುಶಿಲ್ಪಿ ರಾಬರ್ಟ್ ಆಡಮ್‌ಗೆ ಕರ್ಜನ್ ಮೊದಲು ವಹಿಸಿದ್ದು ತೋಟದ ಕೆಲಸ. ಅದು ಮೆಚ್ಚುಗೆಯಾಗಿ ಮನೆಯ ಕೆಲಸವೂ ಅವನ ಪಾಲಾಯಿತು. ಕೊಳದ ದಂಡೆಗೆ ಅವನು ಕಟ್ಟಿದ ಮೀನು ಹಿಡಿಯುವ ಮಂಟಪದಲ್ಲಿ ಮೇಲೆ ಕೂರುವ ಕೋಣೆ, ಕೆಳಗೆ ತಣ್ಣೀರಿನ ಕೊಳ, ಎರಡು ಬದಿಗೆ ದೋಣಿ ನಿಲ್ಲಿಸುವ ಜಾಗ. ಅರಮನೆಯಂಥ ಆ ಮನೆಯ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು 1799ರಿಂದ 1803ರವರೆಗೆ ಕಲ್ಕತ್ತೆಯ ಗವರ್ನಮೆಂಟ್ ಹೌಸ್ ಕಟ್ಟಿದರು. ಕಟ್ಟಿಸಿದವನು ಲಾರ್ಡ್ ವೆಲ್ಲೆಸ್ಲಿ, ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು. ಮುಂದೆ 1899ರಲ್ಲಿ ವೈಸರಾಯ್ ಆಗಿ ಆ ಕಲ್ಕತ್ತೆಯ ಮನೆಗೆ ಬಂದದ್ದು ಇದೇ ಕೆಡಲ್‌ಸ್ಟನ್‌ನಲ್ಲಿ ಹುಟ್ಟಿದ ಜಾರ್ಜ್ ಕರ್ಜನ್. ತನ್ನ ತವರುಮನೆಯ ನಕಲಿನಲ್ಲಿ ಕೂತು ಅವನು ಭಾರತವನ್ನು ಆಳಿದ.

ಈಗ ಮತ್ತೆ ಚಾಟ್ಸ್‌ವರ್ತ್. ಅಲ್ಲಿನ ನಂತರದ ಪದರವನ್ನು ಹಾಕಿದ್ದು ಒಬ್ಬ ರೈತನ ಮಗ. ಜೋಸೆಫ್ ಪ್ಯಾಕ್ಸ್‌ಟನ್ ಹುಟ್ಟಿದ್ದು 1803ರಲ್ಲಿ. ಲಂಡನ್ ಬಳಿಯ ತೋಟಗಾರಿಕೆ ಸಂಘದ ತೋಟದಲ್ಲಿ ಕೆಲಸಕ್ಕಿದ್ದಾಗ ಚಾಟ್ಸ್‌ವರ್ತ್‌ನ ಒಡೆಯ, ಡೆವನ್‌ಶೈರಿನ ಆರನೇ ಡ್ಯೂಕ್‌ನ ಕಣ್ಣಿಗೆ ಬಿದ್ದ, 1826ರ ಮೇ ತಿಂಗಳಲ್ಲಿ ಮುಖ್ಯ ತೋಟಗಾರನಾಗಿ ಬಂದ. ಇನ್ನೂ ಇಪ್ಪತ್ತಮೂರು ತುಂಬದ ವಯಸ್ಸು. ಬೆಳಗಿನ ಜಾವ ನಾಲ್ಕೂವರೆಗೆ ತಲುಪಿ, ಬಾಗಿಲು ತೆರೆಯುವವರಿಲ್ಲದೆ ಗೋಡೆ ಹತ್ತಿ ಇಳಿದು, ಆರು ಗಂಟೆಗೆಲ್ಲ ಆಳುಗಳಿಗೆ ಕೆಲಸ ಹಚ್ಚಿ, ತಿಂಡಿಯ ಹೊತ್ತಿಗೆ ಮನೆವಾರ್ತೆಯ ಮೇಲ್ವಿಚಾರಕಿಯ ಸೋದರಸೊಸೆ ಸಾರಾಳನ್ನು ಮೆಚ್ಚಿ, ಒಂಬತ್ತಕ್ಕೆ ಮುಂಚೆ ಇದೆಲ್ಲ ಮುಗಿಯಿತೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಮರುವರ್ಷ ಇಬ್ಬರ ಮದುವೆಯಾಯಿತು.

ಅವನ ಕೆಲಸಗಳಲ್ಲಿ ಎಂಪರರ್ ಕಾರಂಜಿಯ ತಂತ್ರವನ್ನು ಸ್ವಲ್ಪ ಬಿಡಿಸಿ ನೋಡಬೇಕು. ರಷ್ಯಾದ ಚಕ್ರವರ್ತಿ ನಿಕೊಲಸ್ 1844ರಲ್ಲಿ ಬರುತ್ತಾನೆಂಬ ನಿರೀಕ್ಷೆಯಲ್ಲಿ, ಅವನ ಅರಮನೆಯದಕ್ಕಿಂತ ಎತ್ತರದ ಕಾರಂಜಿ ಬೇಕೆಂದು ಡ್ಯೂಕ್ ಬಯಸಿದ. ಕಾರಂಜಿಗೆ ಎಂಜಿನ್ ಇಲ್ಲ, ಪಂಪ್ ಇಲ್ಲ. ಮನೆಗಿಂತ ಸುಮಾರು 350 ಅಡಿ ಎತ್ತರದಲ್ಲಿ, ಗುಡ್ಡದ ಮೇಲಿನ ಬಯಲಿನಲ್ಲಿ, ಎಂಟು ಎಕರೆಯ ಕೆರೆ ತೋಡಿದರು. ಅದಕ್ಕೆ ಗುಡ್ಡದ ನೀರು ಕಾಲುವೆಗಳಲ್ಲಿ ಹರಿದು ಬಂದು ಸೇರುತ್ತದೆ. ಅಲ್ಲಿಂದ ಕಬ್ಬಿಣದ ಕೊಳವೆ ಇಳಿಜಾರಿನಲ್ಲಿ ಕೆಳಗಿನ ಉದ್ದ ಕೊಳದವರೆಗೆ ಇಳಿಯುತ್ತದೆ. ಅಷ್ಟೆತ್ತರದ ನೀರಿನ ಭಾರವೇ ಒತ್ತಡವಾಗಿ ಕೆಳಗೆ ಸಣ್ಣ ಬಾಯಿಯಿಂದ ನೀರನ್ನು ಚಿಮ್ಮಿಸುತ್ತದೆ. ಅತಿ ಹೆಚ್ಚೆಂದರೆ 296 ಅಡಿ ಏರಿದ ದಾಖಲೆ ಇದೆ. ರಾತ್ರಿ ಪಂಜಿನ ಬೆಳಕಿನಲ್ಲೂ ಆಳುಗಳು ಅಗೆದು ಆರೇ ತಿಂಗಳಿಗೆ ಕೆಲಸ ಮುಗಿಸಿದರು. ಚಕ್ರವರ್ತಿ ಬರಲೇ ಇಲ್ಲ. ಕಾರಂಜಿಗೆ ಮಾತ್ರ ಅವನ ಹೆಸರು ಉಳಿಯಿತು.

ಗಾಜಿನ ಮನೆಗಳು ಅದಕ್ಕಿಂತ ದೊಡ್ಡ ಕಥೆ. 1836ರಿಂದ ಪ್ಯಾಕ್ಸ್‌ಟನ್ ಕಟ್ಟಿದ ಗ್ರೇಟ್ ಕನ್ಸರ್ವೇಟರಿ 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರವಿತ್ತು. ಅದರ ಚಾವಣಿಯನ್ನು ಚಪ್ಪಟೆಯಾಗಿ ಬಿಡದೆ ಏಣು-ತಗ್ಗು ಏಣು-ತಗ್ಗಾಗಿ ಮಡಿಸಿದ್ದ. ಬೆಳಗಿನ, ಸಂಜೆಯ ಓರೆ ಬಿಸಿಲು ಆ ಮಡಿಕೆಗಳ ಗಾಜಿನ ಮೇಲೆ ನೇರ ಬಿದ್ದು ಒಳಗೆ ಹೋಗುತ್ತದೆ. ನಡುಹಗಲಿನ ಉರಿಬಿಸಿಲು ಓರೆಯಾಗಿ ಬಿದ್ದು ತಗ್ಗುತ್ತದೆ. ನೆಲದಡಿಯ ಎಂಟು ಬಾಯ್ಲರುಗಳಿಗೆ ಕಲ್ಲಿದ್ದಲನ್ನು ಸುರಂಗದ ಹಳಿಯ ಮೇಲೆ ಸಾಗಿಸುತ್ತಿದ್ದರು, ಹೊಗೆ ಕಣ್ಣಿಗೆ ಬೀಳಬಾರದಲ್ಲ! 1849ರಲ್ಲಿ ಅಮೆಜಾನ್ ನದಿಯ ದೈತ್ಯ ತಾವರೆ ಬ್ರಿಟನ್ನಿನಲ್ಲಿ ಮೊದಲು ಹೂಬಿಟ್ಟದ್ದು ಚಾಟ್ಸ್‌ವರ್ತ್‌ನಲ್ಲೇ. ಅದಕ್ಕಾಗಿ ಕಟ್ಟಿದ ಪುಟ್ಟ ಗಾಜಿನ ಮನೆಯ ಅನುಭವವೇ 1851ರ ಲಂಡನ್ ವಸ್ತುಪ್ರದರ್ಶನದ ಕ್ರಿಸ್ಟಲ್ ಪ್ಯಾಲೇಸಿಗೆ ತಳಹದಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಲ್ಲಿ ಜಾನ್ ಕ್ಯಾಮೆರಾನ್ ಮೇಲ್ವಿಚಾರಣೆಯಲ್ಲಿ ಶುರುವಾದ ಗಾಜಿನ ಮನೆಗೆ ಪ್ರೇರಣೆ ಆ ಕ್ರಿಸ್ಟಲ್ ಪ್ಯಾಲೇಸ್. ಫಲಪುಷ್ಪ ಪ್ರದರ್ಶನಕ್ಕೆಂದು ಅಲ್ಲಿ ಸಾಲು ನಿಲ್ಲುವ ನಮಗೆ ಡರ್ಬಿಶೈರ್‌ನ ಈ ತೋಟಗಾರ ಅಷ್ಟೇನೂ ಹೊರಗಿನವನಲ್ಲ. ಕರ್ನಾಟಕದ ತೋಟಗಳಲ್ಲಿ ಎಕರೆಗಟ್ಟಲೆ ಹಬ್ಬಿರುವ ಜಿ-9 ಬಾಳೆ ಸೇರುವ ಕ್ಯಾವೆಂಡಿಷ್ ಗುಂಪಿನ ಹೆಸರೂ ಇಲ್ಲಿಯದೇ: 1830ರ ದಶಕದಲ್ಲಿ ಮಾರಿಷಸ್ ಕಡೆಯಿಂದ ಬಂದ ಗಿಡವನ್ನು ಪ್ಯಾಕ್ಸ್‌ಟನ್ ಇಲ್ಲಿ ಫಲಕ್ಕೆ ತಂದ, ಅದಕ್ಕೆ ಡ್ಯೂಕ್‌ನ ಮನೆತನದ ಹೆಸರಿಟ್ಟರು.

ಈ ಗಾಜಿನ ಮನೆಗಳನ್ನು ತುಂಬಿದ ಗಿಡಗಳು ಎಲ್ಲಿಂದ ಬಂದವು ಎಂಬುದನ್ನೂ ಕೇಳಬೇಕು. 1835ರಲ್ಲಿ ಜಾನ್ ಗಿಬ್ಸನ್ ಎಂಬ ಚಾಟ್ಸ್‌ವರ್ತ್‌ನ ಯುವ ತೋಟಗಾರನನ್ನು ಭಾರತಕ್ಕೆ ಕಳಿಸಿದರು. ಬರ್ಮಾದ ಆಮ್ಹರ್ಸ್ಟಿಯಾ ಎಂಬ ಕೆಂಪು ಹೂಗೊಂಚಲಿನ ಮರವನ್ನು ತರುವುದು ಅವನ ಮುಖ್ಯ ಗುರಿ. ಅವನು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಇಳಿದು, ಖಾಸಿ ಬೆಟ್ಟಗಳಲ್ಲಿ ಆರ್ಕಿಡ್‌ಗಳನ್ನು ಬುಟ್ಟಿಗಟ್ಟಲೆ ಕೂಡಿಸಿ, 1837ರಲ್ಲಿ ಹಡಗು ಹತ್ತಿದ. ಗಾಜಿನ ಪೆಟ್ಟಿಗೆಯೊಳಗೆ ಬದುಕಿ ಬಂದ ಆಮ್ಹರ್ಸ್ಟಿಯಾವನ್ನು ಚಾಟ್ಸ್‌ವರ್ತ್‌ನಲ್ಲಿ ಸಂಭ್ರಮದಿಂದ ನೆಟ್ಟರು. ಆದರೆ ಇಂಗ್ಲೆಂಡಿನಲ್ಲಿ ಆ ಜಾತಿ ಮೊದಲು ಹೂಬಿಟ್ಟದ್ದು 1849ರಲ್ಲಿ, ಲಂಡನ್ ಬಳಿಯ ಬೇರೊಬ್ಬರ ತೋಟದಲ್ಲಿ. ಬೆಟ್ಟ ಹತ್ತಿ ಗಿಡ ಕಿತ್ತು ಹೊತ್ತು ತಂದ ಖಾಸಿ ಜನರ ಹೆಸರುಗಳು ಮಾತ್ರ ಈ ಕಥೆಯನ್ನು ಹೇಳುವವರ ಬಾಯಲ್ಲಿ ಬರುವುದಿಲ್ಲ.

ಗ್ರೇಟ್ ಕನ್ಸರ್ವೇಟರಿ ಈಗ ಇಲ್ಲ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲ, ಆಳುಗಳಿಲ್ಲ; ಉಷ್ಣವಲಯದ ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಸಿಡಿಮದ್ದಿಟ್ಟು ಅದನ್ನು ಬೀಳಿಸಿದರು. ಅದರ ತಳಗೋಡೆಯ ನಡುವೆ ಈಗ ಯೂ ಗಿಡಗಳ ಚಕ್ರವ್ಯೂಹವಿದೆ. ಹೀಗೆ ಒಂದೇ ಜಾಗ ಎರಡು ಶತಮಾನದೊಳಗೆ ಎರಡು ಬೇರೆ ಇತಿಹಾಸ ಹೊತ್ತಿದೆ.

ಇನ್ನು ಎಲ್ವಾಸ್ಟನ್. ಡರ್ಬಿ ಊರಿನ ಆಗ್ನೇಯಕ್ಕೆ, ಸಪಾಟು ನೆಲ, ನೀರು ನಿಲ್ಲುವ ಮಣ್ಣು. ಇಲ್ಲಿ ಸಾಧ್ಯತೆಯೇ ಇಲ್ಲವೆಂದು ಬ್ರೌನ್‌ನಂಥ ಬ್ರೌನ್ ಕೈಚೆಲ್ಲಿದ ಜಾಗ. 1830ರಲ್ಲಿ ಹ್ಯಾರಿಂಗ್ಟನ್ನಿನ ನಾಲ್ಕನೇ ಅರ್ಲ್ ಇಲ್ಲಿಗೆ ವಿಲಿಯಂ ಬ್ಯಾರನ್ ಎಂಬ ತೋಟಗಾರನನ್ನು ಕರೆಸಿದ. ಅರ್ಲ್ ಮರುವರ್ಷ ಮರಿಯಾ ಫೂಟ್ ಎಂಬ ನಟಿಯನ್ನು ಮದುವೆಯಾದ. ಆ ಕಾಲದ ಗಣ್ಯರ ಸಮಾಜ ಆಕೆಯನ್ನು ಒಪ್ಪಿಕೊಳ್ಳಲಿಲ್ಲ. ದಂಪತಿ ಹೊರಗಿನ ಲೋಕಕ್ಕೆ ಬಾಗಿಲು ಮುಚ್ಚಿ ತಮ್ಮ ತೋಟದೊಳಗೇ ಬದುಕಿದರು.

ಬ್ಯಾರನ್ ಮೊದಲ ಕೆಲವು ವರ್ಷ ನೆಲದ ನೀರು ಬಸಿಯುವ ಕೆಲಸವನ್ನೇ ಮಾಡಿದ. ನಂತರ ಅರ್ಲ್‌ಗೆ ತಾಳ್ಮೆಯಿರಲಿಲ್ಲ. ಸಸಿ ನೆಟ್ಟು ಐವತ್ತು ವರ್ಷ ಕಾಯುವ ವಯಸ್ಸು ಅವನದಲ್ಲ. ಬೆಳೆದ ಮರಗಳನ್ನೇ ತರಬೇಕಾಯಿತು. ಬ್ಯಾರನ್ ಮರದ ಬುಡದ ಸುತ್ತ ಅಗಲವಾಗಿ ತೋಡಿ, ಬೇರಿನ ಮುದ್ದೆಯನ್ನು ಮಣ್ಣು ಉದುರದಂತೆ ಬಿಗಿದು, ನೆಟ್ಟಗೆ ನಿಂತ ಹಾಗೇ ಮರವನ್ನು ಹೊರುವ ಗಾಡಿ ಮಾಡಿಸಿದ. ಹಳೆಯ ಯೂ ಮರಗಳು ಕುದುರೆಗಳ ಹಿಂದೆ ಹಳ್ಳಿಯ ರಸ್ತೆಗಳಲ್ಲಿ ಸಾಗಿ ಬಂದವು. ಮೊನ್ ಪ್ಲೆಸಿರ್ ಎಂಬ ತೋಟದಲ್ಲಿ ಅವುಗಳನ್ನು ಕತ್ತರಿಸಿ ಕೋಟೆ, ಕಮಾನು, ಗೋಪುರಗಳ ಆಕಾರ ಕೊಟ್ಟರು. ಅರ್ಲ್ 1851ರಲ್ಲಿ ತೀರಿಕೊಂಡ ಮೇಲೆ ಆವರೆಗೆ ಯಾರೂ ಕಾಣದ ತೋಟದ ಬಾಗಿಲು ತೆರೆಯಿತು, ಜನ ಮುಗಿಬಿದ್ದು ನೋಡಿದರು. ಬ್ಯಾರನ್ ಮುಂದೆ ಸ್ವಂತ ನರ್ಸರಿ ಹಾಕಿ ಊರೂರಿಗೆ ಪಾರ್ಕು ಮಾಡಿಕೊಟ್ಟ. ಭಾರತೀಯರು ದೊಡ್ಡ ಸಂಖ್ಯೆಯಲ್ಲಿರುವ ಲೆಸ್ಟರ್ ನಗರದ ಅಬ್ಬಿ ಪಾರ್ಕ್ ಅವನ ಸಂಸ್ಥೆಯ ಕೆಲಸ, 1882ರದು.

1970ರಿಂದ ಎಲ್ವಾಸ್ಟನ್ ಕೌಂಟಿ ಕೌನ್ಸಿಲ್‌ನ ಕೈಯಲ್ಲಿ ಸಾರ್ವಜನಿಕ ಪಾರ್ಕ್. ಒಂದು ಕಾಲಕ್ಕೆ ಹೊರಗಿನವರಿಗೆ ಪ್ರವೇಶವಿಲ್ಲದಿದ್ದ ತೋಟ ಎಲ್ಲರದ್ದಾಯಿತು, ಇದು ಒಳ್ಳೆಯದೇ. ಆದರೆ ಹತ್ತಾರು ಮಾಲಿಗಳು ದಿನವೂ ಕತ್ತರಿ ಹಿಡಿಯುತ್ತಿದ್ದ ಬೇಲಿಗಳನ್ನು ಕೌನ್ಸಿಲ್ಲಿನ ಬಜೆಟ್ಟಿನಲ್ಲಿ ಸಾಕುವುದು ಹೇಗೆ? ಯೂ ಮರ ಕತ್ತರಿ ಬೀಳದಿದ್ದರೆ ತನ್ನ ಆಕಾರ ಬಿಡುತ್ತದೆ, ಒಳಗೆ ಟೊಳ್ಳಾಗುತ್ತದೆ. ಹಿಂದೆ ಹ್ಯಾಡನ್ನನ್ನು ಕಾಪಾಡಿದ್ದು ಕಲ್ಲಿನ ಗೋಡೆ. ಅಲಕ್ಷ್ಯವನ್ನು ಅದು ತಡೆಯಿತು. ಎಲ್ವಾಸ್ಟನ್‌ನ ಬೇಲಿ ತಡೆಯುವುದಿಲ್ಲ. ಸುಮ್ಮನೆ ಬಿಟ್ಟರೆ ಹಳೆಯದು ಉಳಿಯುತ್ತದೆ ಎಂಬ ಲೆಕ್ಕ ಇಲ್ಲಿಗೆ ಬಂದು ಸೋಲುತ್ತದೆ.

ಮಾಲಿಗಳ ಮಾತು ಬಂದಾಗ ಕೌಂಟಿಯ ದಕ್ಷಿಣದ ಕಾಕ್ ಅಬ್ಬಿ ಎಂಬ ಹಳೆಯ ಬಂಗಲೆಯನ್ನು ಹೇಳದಿರಲಾಗದು. ಆಳುಗಳು ಮನೆಯವರ ಕಣ್ಣಿಗೆ ಬೀಳದಂತೆ ಓಡಾಡಲು ಅಲ್ಲಿ ನೆಲದಡಿಯ ಸುರಂಗವಿದೆ. ಗೋಡೆಯೊಳಗಿನ ತೋಟದಲ್ಲಿ ಆರಿಕ್ಯುಲಾ ಹೂಗಳ ಕುಂಡಗಳನ್ನು ಸಾಲಾಗಿ ಜೋಡಿಸಿಡುವ ಮರದ ಅಟ್ಟಣೆ ಉಳಿದಿದೆ, ಅಂಥವು ಈಗ ದೇಶದಲ್ಲೇ ಅಪರೂಪ. ಹೂವಿಗೆ ವೇದಿಕೆ, ಹೂವು ಬೆಳೆದವನಿಗೆ ಸುರಂಗ.

ಕಾನೂನಿನ ರಕ್ಷಣೆ ನಿಜವಾಗಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಕೆಡಲ್‌ಸ್ಟನ್ ಬಳಿಯ ಒಂದು ಮೊಕದ್ದಮೆಯಲ್ಲಿ ಪರೀಕ್ಷೆಯಾಯಿತು. ಡರ್ಬಿ ನಗರದ ಅಂಚಿಗೂ ಪಾರ್ಕಿಗೂ ನಡುವಿನ ಹೊಲಗಳಲ್ಲಿ 400 ಮನೆ ಕಟ್ಟುವ ಯೋಜನೆ ಬಂತು. ಆ ಹೊಲ ಪಾರ್ಕಿನ ಗಡಿಯ ಹೊರಗಿದೆ. ಹಳೆಯ ಕಾಲದಲ್ಲಿ ಅದು ಕೆಡಲ್‌ಸ್ಟನ್ ಎಸ್ಟೇಟಿನ ಭಾಗ, ಡರ್ಬಿಯಿಂದ ಬಂಗಲೆಗೆ ಬರುವವರು ದಾಟಿ ಬರುತ್ತಿದ್ದ ಹಳ್ಳಿಗಾಡು. ಆದರೆ ಪಾರ್ಕಿನ ಅಂಚಿನ ಮರಗಳ ಪಟ್ಟಿಯಿಂದಾಗಿ ಬಂಗಲೆ ಅಲ್ಲಿಂದ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಅದರ ಪರಿಸರ ಎನ್ನಬಹುದೇ? 2017ರಲ್ಲಿ ಹೈಕೋರ್ಟ್ ಮನೆಗಳ ಅನುಮತಿಯನ್ನು ರದ್ದುಮಾಡಿತು: ಚಾರಿತ್ರಿಕ ಸಂಬಂಧವನ್ನು ತೂಗದೆ ಬರೀ ನೋಟವನ್ನೇ ಹಿಡಿದದ್ದು ತಪ್ಪು ಎಂದಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅನುಮತಿಯನ್ನು ಎತ್ತಿಹಿಡಿಯಿತು. ನೋಟ ಮುಖ್ಯ, ಇತಿಹಾಸವನ್ನೂ ತೂಗಬೇಕು, ಆದರೆ ಈ ಪ್ರಕರಣದಲ್ಲಿ ಅಧಿಕಾರಿ ಅದನ್ನು ತೂಗಿದ್ದಾರೆ ಎಂಬುದು ಅದರ ನಿಲುವು.

ನನಗೆ ಹೈಕೋರ್ಟಿನ ನೋಟವೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಆ ಮರಗಳ ಪಟ್ಟಿಯನ್ನು ನೆಟ್ಟದ್ದೇ ಹೊರಗಿನದು ಕಾಣದಿರಲೆಂದು. ಆ ಪಟ್ಟಿಯ ಕೆಲಸ ಯಶಸ್ವಿಯಾದಷ್ಟೂ ಇಂದಿನ ಕಾನೂನಿನಲ್ಲಿ ಆ ತೋಟದ ಹಕ್ಕು ಕುಗ್ಗುತ್ತದೆ ಎಂದರೆ, ಉದ್ಯಾನವನ್ನು ಚಿತ್ರಪಟದಂತೆ ನೋಡುತ್ತಿದ್ದೇವೆಯೇ ಹೊರತು ನೆಲವಾಗಿ ನೋಡುತ್ತಿಲ್ಲ. ಮನೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಗರದಿಂದ ಹಳ್ಳಿಗಾಡು ದಾಟಿ ಪಾರ್ಕಿಗೆ ಬರುವ ಆ ದಾರಿಯೂ ಕೆಡಲ್‌ಸ್ಟನ್‌ನ ಯೋಜನೆಯೊಳಗಿನದೇ.

ಕೊನೆಗೆ ಡರ್ಬಿ ಅರ್ಬೊರೇಟಮ್, ನನ್ನ ಪ್ರಕಾರ ಕೌಂಟಿಯ ಎಲ್ಲ ಉದ್ಯಾನಗಳಲ್ಲಿ ದೂರದವರೆಗೆ ಪರಿಣಾಮ ಬೀರಿದ್ದು. ಗಿರಣಿ ಮಾಲೀಕ ಜೋಸೆಫ್ ಸ್ಟ್ರಟ್ 11 ಎಕರೆ ನೆಲವನ್ನು ಊರಿಗೆ ದಾನ ಕೊಟ್ಟ, 1840ರ ಸೆಪ್ಟೆಂಬರಿನಲ್ಲಿ ಅದು ತೆರೆಯಿತು. ಸಾರ್ವಜನಿಕರಿಗಾಗಿಯೇ ಯೋಜಿಸಿ ಮಾಡಿದ ಇಂಗ್ಲೆಂಡಿನ ಮೊದಲ ಪಾರ್ಕ್ ಎಂದು ಇದನ್ನು ಗುರುತಿಸುತ್ತಾರೆ. ರಚಿಸಿದವನು ಜಾನ್ ಕ್ಲಾಡಿಯಸ್ ಲೌಡನ್. ಸಣ್ಣ ಜಾಗ, ನೆಲ ಸಪಾಟು. ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. ಲೌಡನ್ ದಾರಿಗಳ ನಡುವೆ ಮಣ್ಣಿನ ಉದ್ದ ದಿಬ್ಬಗಳನ್ನು ಎಬ್ಬಿಸಿದ. ಒಂದು ದಾರಿಯಲ್ಲಿ ನಡೆಯುವವರಿಗೆ ಪಕ್ಕದ ದಾರಿಯವರು ಕಾಣುವುದಿಲ್ಲ, ಹನ್ನೊಂದು ಎಕರೆ ಎಷ್ಟೋ ಪಟ್ಟು ದೊಡ್ಡದೆನಿಸುತ್ತದೆ. ಪ್ರತಿ ಮರವನ್ನೂ ಪೂರ್ಣ ಆಕಾರಕ್ಕೆ ಬೆಳೆಯುವಂತೆ ಬಿಡಿಯಾಗಿ ನೆಟ್ಟು, ಹೆಸರಿನ ಫಲಕ ಹಾಕಿದ; ಸುಮಾರು ಸಾವಿರ ಬಗೆಯ ಮರ, ಪೊದೆಗಳು. ಗಿರಣಿಯ ಕೆಲಸಗಾರರು ಅಡ್ಡಾಡುತ್ತ ಸಸ್ಯಶಾಸ್ತ್ರ ಕಲಿಯಲಿ ಎಂಬ ಆಸೆ. ಭಾನುವಾರ ಮತ್ತು ಬುಧವಾರ ಪ್ರವೇಶ ಉಚಿತ, ಉಳಿದ ದಿನ ಶುಲ್ಕ. 1882ರಿಂದ ಎಲ್ಲ ದಿನವೂ ಉಚಿತವಾಯಿತು. ಇದರ ಬೆನ್ನಿಗೆ ಬಂದ ಬರ್ಕನ್‌ಹೆಡ್ ಪಾರ್ಕನ್ನು ರಚಿಸಿದವನು ಅದೇ ಪ್ಯಾಕ್ಸ್‌ಟನ್. ಅದನ್ನು 1850ರಲ್ಲಿ ನೋಡಿ ಹೋದ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ.

ಬ್ರಿಟನ್ನಿನಲ್ಲಿರುವ ಕನ್ನಡಿಗರು ಚಾಟ್ಸ್‌ವರ್ತ್‌ಗೆ ಹೇಗೂ ಹೋಗುತ್ತೀರಿ. ಅರ್ಬೊರೇಟಮ್‌ಗೆ ಟಿಕೆಟ್ ಇಲ್ಲ, ಡರ್ಬಿ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಚಳಿಗಾಲದಲ್ಲಿ ಹೋದರೆ ಎಲೆಗಳಿಲ್ಲದ ಮರಗಳ ನಡುವೆ ಲೌಡನ್‌ನ ದಿಬ್ಬಗಳು ಸ್ಪಷ್ಟವಾಗಿ ಕಾಣುತ್ತವೆ. ನಡುವಿನ ದಾರಿ ಬಿಟ್ಟು ಅಂಚಿನ ದಾರಿ ಹಿಡಿಯಿರಿ; ಪಕ್ಕದಲ್ಲೇ ನಡೆಯುತ್ತಿರುವವರ ಮಾತು ಕೇಳಿಸುತ್ತದೆ, ಜನ ಕಾಣುವುದಿಲ್ಲ.